ಬಾಡಿಗೆ ಮನೆಗೆ ಬಣ್ಣ ಕೊನೆಯ ಕೆಲಸ

ಮನೆ ಖಾಲಿಯಾಯಿತೆಂದರೆ ಮಾಲೀಕರು ಮೊದಲು ಹುಡುಕುವುದು ಬಣ್ಣ ಬಳಿಯುವವರನ್ನು. ಅರಸೀಕೆರೆಯ ರೈಲ್ವೆ ಸ್ಟೇಷನ್ ಕಡೆಯ ಬಡಾವಣೆಯಾಗಲಿ, ಬೇಲೂರಿನ ದೇವಸ್ಥಾನದ ಬೀದಿಯಾಗಲಿ, ಈ ಪದ್ಧತಿಯಲ್ಲಿ ವ್ಯತ್ಯಾಸವಿಲ್ಲ. ಮನೆ ಅಂದವಾಗಿ ಕಾಣಲಿ ಎಂಬ ಆಸೆಯ ಜೊತೆಗೆ ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಮನೆ ಬಿಡುವವರ ಅಡ್ವಾನ್ಸಿನಲ್ಲಿ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ನಮ್ಮಲ್ಲಿ ಬಹಳ ಕಡೆ ಇದೆ. ಬಣ್ಣದ ಖರ್ಚನ್ನು ಹೋಗುವವರು ಕೊಡುತ್ತಾರೆ, ಹಾಗಾಗಿ ಬಣ್ಣ ತಪ್ಪದೆ ಆಗುತ್ತದೆ. ಪೈಪು, ವೈರು, ಸೂರಿನ ಖರ್ಚನ್ನು ಯಾರ ಅಡ್ವಾನ್ಸಿನಲ್ಲೂ ಮುರಿಯಲಾಗದು, ಹಾಗಾಗಿ ಅದು ಮುಂದಿನ ಸಲಕ್ಕೆ ಹೋಗುತ್ತದೆ. ಹೊಸಬರು ಬಂದು ಹಾಲುಕ್ಕಿಸಿದ ವಾರದೊಳಗೆ ಫೋನು ಶುರುವಾಗುತ್ತದೆ: ನಲ್ಲಿ ತೊಟ್ಟಿಕ್ಕುತ್ತಿದೆ, ಬಿಸಿನೀರು ಬರುತ್ತಿಲ್ಲ, ಬಚ್ಚಲಲ್ಲಿ ನೀರು ನಿಲ್ಲುತ್ತಿದೆ, ಸ್ವಿಚ್ಚಿನಿಂದ ಸುಟ್ಟ ವಾಸನೆ ಬರುತ್ತಿದೆ. ಮಾಲೀಕರ ಕಿವಿಗೆ ಇದು ಬಾಡಿಗೆದಾರರ ಕಿರಿಕಿರಿಯಾಗಿ ಕೇಳಿಸುತ್ತದೆ. ಆದರೆ ಇಂಥ ದೂರುಗಳಲ್ಲಿ ಬಹುಪಾಲು ಬೀಗದ ಕೈ ಕೊಡುವ ಮೊದಲೇ ಮನೆಯೊಳಗೆ ಇದ್ದವು. ಆ ಮನೆಯಲ್ಲಿ ಮಾಲೀಕರು ವಾಸವಿಲ್ಲದ ಕಾರಣ ಅವರಿಗೆ ಕಾಣಲಿಲ್ಲ, ಅಷ್ಟೆ.

ಈ ಮಾತನ್ನು ಕಾನೂನು ಬಹಳ ಹಿಂದೆಯೇ ಒಪ್ಪಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಮಾಲೀಕರ ಮೇಲೆ ಹೊರಿಸುವ ಮೊದಲ ಹೊಣೆಯೇ ಇದು: ಸಾಮಾನ್ಯ ಎಚ್ಚರದಿಂದ ನೋಡಿದರೂ ಬಾಡಿಗೆದಾರರ ಕಣ್ಣಿಗೆ ಬೀಳದ, ಆದರೆ ಮಾಲೀಕರಿಗೆ ಗೊತ್ತಿರುವ ಮುಖ್ಯ ದೋಷವನ್ನು ಮೊದಲೇ ಹೇಳಿಬಿಡಬೇಕು. ಮಾಲೀಕರ ಪಾಲಿನ ರಿಪೇರಿಯನ್ನು ತಿಳಿಸಿದ ಮೇಲೂ ಅವರು ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ, ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದೂ ಅದೇ ಕಲಮು ಹೇಳುತ್ತದೆ. ಕರಾರಿನಲ್ಲಿ ಬೇರೆ ಬಗೆಯಲ್ಲಿ ಬರೆದುಕೊಂಡಿದ್ದರೆ ಮಾತು ಬೇರೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ. ಅದು ರಾಜ್ಯಗಳು ತಮ್ಮದಾಗಿಸಿಕೊಂಡರೆ ಮಾತ್ರ ಜಾರಿಗೆ ಬರುವ ಕರಡು, ಆದರೂ ಅದರ ಅನುಬಂಧ ಓದಲು ಯೋಗ್ಯ. ಕಟ್ಟಡದ ರಿಪೇರಿ, ಸುಣ್ಣ-ಬಣ್ಣ, ಪೈಪು ಬದಲಾಯಿಸುವುದು, ಒಳಗಿನ ಹೊರಗಿನ ವೈರಿಂಗು ಇವೆಲ್ಲ ಮಾಲೀಕರ ಪಾಲು. ನಲ್ಲಿಯ ವಾಷರು, ಚರಂಡಿ ಚೊಕ್ಕಟ, ಗೀಸರ್ ರಿಪೇರಿ, ಸ್ವಿಚ್ಚು ಸಾಕೆಟ್ಟು, ಬಾಗಿಲಿನ ಬೀಗ ಮತ್ತು ಹಿಡಿಕೆ ಬಾಡಿಗೆದಾರರ ಪಾಲು. ಹಂಚಿಕೆ ಅಚ್ಚುಕಟ್ಟಾಗಿದೆ, ಆದರೆ ಅದು ವಸ್ತುವನ್ನು ಹಂಚುತ್ತದೆಯೇ ಹೊರತು ಕಾರಣವನ್ನು ಹಂಚುವುದಿಲ್ಲ. ಮೂರು ತಿಂಗಳಿಗೊಮ್ಮೆ ಸವೆಯುವ ವಾಷರು ಬಾಡಿಗೆದಾರರ ಪಾಲಾದರೆ, ಅದನ್ನು ಸವೆಸುವ ಗಡಸು ನೀರು ಯಾರ ಪಾಲು? ಸುಟ್ಟ ಸ್ವಿಚ್ಚು ಅವರದಾದರೆ, ಅದನ್ನು ಸುಟ್ಟ ತೆಳು ವೈರು? ಜಗಳ ಹುಟ್ಟುವುದು ಈ ಸಂದಿಯಲ್ಲೇ. ಆದ್ದರಿಂದ ಬಾಡಿಗೆಗೆ ಮನೆ ಸಿದ್ಧಮಾಡುವುದೆಂದರೆ ಕೆಟ್ಟ ವಸ್ತುವನ್ನು ಬದಲಾಯಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಕೆಡಿಸುವ ಕಾರಣವನ್ನು ಹಿಡಿಯುವುದು. ಆ ಕಾರಣ ಊರಿನಿಂದ ಊರಿಗೆ ಬದಲಾಗುತ್ತದೆ. ಹಾಸನ ಒಂದೇ ಜಿಲ್ಲೆಯಾದರೂ ಅರಸೀಕೆರೆ ಬಯಲುಸೀಮೆ, ಬೇಲೂರು ಮಲೆನಾಡಿನ ಬಾಗಿಲು. ಎರಡು ಊರಿನ ಮನೆಗೆ ಒಂದೇ ಮದ್ದು ನಡೆಯದು.

ಅರಸೀಕೆರೆಯಲ್ಲಿ ದೂರಿನ ಬೇರು ಹೆಚ್ಚಾಗಿ ನೀರಿನಲ್ಲಿದೆ. ಆಳದ ಕೊಳವೆಬಾವಿಯ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಸುಣ್ಣದ ಅಂಶ ಹೀರಿಕೊಂಡೇ ಮೇಲೆ ಬರುತ್ತದೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿ ಇಟ್ಟು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಆಗಬಹುದು ಎಂದಿದೆ. ಗಡಸು ನೀರು ಕಾದಾಗ ಸುಣ್ಣ ಬೇರ್ಪಟ್ಟು ಬಿಳಿ ಪದರವಾಗಿ ಕೂರುತ್ತದೆ. ಗೀಸರಿನ ಕಾಯಿಲಿನ ಮೇಲೆ ಆ ಪದರ ದಪ್ಪವಾದಂತೆ ಕರೆಂಟು ಹೆಚ್ಚು ಸುಡುತ್ತದೆ, ನೀರು ಕಡಿಮೆ ಕಾಯುತ್ತದೆ, ಕೊನೆಗೆ ಕಾಯಿಲು ಒಡೆಯುತ್ತದೆ. ತಾರಸಿಯ ಮೇಲಿನ ಸೋಲಾರ್ ಹೀಟರ್ ಚಪ್ಪಟೆ ಪ್ಯಾನೆಲಿನದಾಗಿದ್ದರೆ ಅದರೊಳಗಿನ ಸಣ್ಣ ತಾಮ್ರದ ನಳಿಕೆಗಳು ಕಟ್ಟಿಕೊಳ್ಳುತ್ತವೆ. ಬಿಸಿಲು ಎಷ್ಟಿದ್ದರೂ ಬಿಸಿನೀರು ಇಳಿಯುವುದಿಲ್ಲ. ಷವರಿನ ತೂತು, ಫ್ಲಷ್ ಟ್ಯಾಂಕಿನ ವಾಲ್ವು, ವಾಷಿಂಗ್ ಮೆಷಿನ್ನಿನ ಒಳಜಾಲಿ ಎಲ್ಲಕ್ಕೂ ಇದೇ ಗತಿ. ಬಾಡಿಗೆದಾರರು ಬಿಸಿನೀರು ಇಲ್ಲವೆಂದು ಮೂರು ಸಲ ಹೇಳಿದರೆ ಮೂರು ಸಲ ಪ್ಲಂಬರನ್ನು ಕಳಿಸುವುದಕ್ಕಿಂತ, ಮನೆ ಖಾಲಿ ಇರುವಾಗಲೇ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ ಅದಕ್ಕೆ ಹೊಂದುವ ಸಾಮಾನು ಹಾಕುವುದು ಲೇಸು. ಹೀಟ್ ಎಕ್ಸ್‌ಚೇಂಜರ್ ಇರುವ ಅಥವಾ ಗಾಜಿನ ಕೊಳವೆಯ ಸೋಲಾರು ಹಾಕಬಹುದು. ಗೀಸರಿನ ತಾಪಮಾನವನ್ನು 50-55 ಡಿಗ್ರಿಯಲ್ಲಿ ನಿಲ್ಲಿಸಬಹುದು. ಹಿತ್ತಾಳೆಯ ಗಟ್ಟಿ ನಲ್ಲಿ ಹಾಕಿ, ಪ್ರತಿ ಕೋಣೆಗೂ ಬೇರೆ ವಾಲ್ವು ಕೊಟ್ಟರೆ ಒಂದು ನಲ್ಲಿ ಕೆಟ್ಟಾಗ ಇಡೀ ಮನೆಯ ನೀರು ನಿಲ್ಲಿಸಬೇಕಿಲ್ಲ. ಈ ವಾಲ್ವುಗಳ ವಿಷಯ ಸಣ್ಣದೆನಿಸಬಹುದು, ಆದರೆ ರಾತ್ರಿ ಹತ್ತು ಗಂಟೆಗೆ ಬರುವ ಫೋನುಗಳಲ್ಲಿ ಎಷ್ಟೋ ಇದರಿಂದಲೇ ತಪ್ಪುತ್ತವೆ. ತೊಟ್ಟಿಕ್ಕುವ ನಲ್ಲಿಯೂ ಹಾಗೆಯೇ: ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೆ ದಿನಕ್ಕೆ ಸುಮಾರು 20 ಲೀಟರು. ನೀರಿಗೆ ಪರದಾಡುವ ಊರಿನಲ್ಲಿ ಅದು ಒಂದು ಕೊಡಕ್ಕಿಂತ ಹೆಚ್ಚು.

ನೀರಿನಲ್ಲೇ ಅಡಗಿದ ಇನ್ನೊಂದು ಸಂಗತಿಯನ್ನು ಮಾಲೀಕರು ಬಾಯಿ ಬಿಟ್ಟು ಹೇಳಲೇಬೇಕು. ಅರಸೀಕೆರೆ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡಿನ ತೊಂದರೆ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬಿದ್ದ ಮೇಲೆ ಬರುವ ದೂರಿಗೆ ರಿಪೇರಿ ಎಂಬುದಿಲ್ಲ. ಬಳಸುವ ನೀರು ಯಾವುದು, ಕುಡಿಯುವ ನೀರು ಯಾವುದು ಎಂದು ಮೊದಲ ದಿನವೇ ಹೇಳಿ, ಅಡುಗೆಮನೆಯಲ್ಲಿ ಆರ್‌ಓ ಯಂತ್ರಕ್ಕೆ ಒಂದು ನೀರಿನ ಪಾಯಿಂಟು, ಒಂದು ಪ್ಲಗ್ಗು, ಅದರ ತ್ಯಾಜ್ಯ ನೀರು ಹೋಗಲು ದಾರಿ ಮಾಡಿಟ್ಟರೆ ಸಾಕು. ಯಂತ್ರ ಅವರೇ ತರಲಿ, ಇಲ್ಲವೇ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಳ್ಳಲಿ.

ಇನ್ನು ನೀರು ಬರುವ ಬಗೆಗಿಂತ ಹೋಗುವ ಬಗೆ. ಖಾಲಿ ಮನೆಯನ್ನು ಹತ್ತು ನಿಮಿಷ ಸುತ್ತಿ ನೋಡಿದರೆ ಯಾವ ಬಚ್ಚಲೂ ಚೆನ್ನಾಗಿಯೇ ಕಾಣುತ್ತದೆ. ಒಂದು ಬಕೆಟ್ಟು ನೀರು ಒಮ್ಮೆಲೇ ಸುರಿದರೆ ತಿಳಿಯುತ್ತದೆ ನೆಲದ ವಾಟ ಎತ್ತ ಕಡೆಗಿದೆ ಎಂದು. ಕಾಲುವೆಯ ಬಾಯಿಗೆ ಬಟ್ಟೆ ತುರುಕಿ ಒಂದು ದಿನ ಒಂದಂಗುಲ ನೀರು ನಿಲ್ಲಿಸಿದರೆ ಕೆಳಗಿನ ಮನೆಯ ಸೂರಿಗೆ, ಪಕ್ಕದ ಕೋಣೆಯ ಗೋಡೆಗೆ ತೇವ ಇಳಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ತಾರಸಿಯ ಟ್ಯಾಂಕು ಷವರಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದೂ ಮುಖ್ಯ, ಏಕೆಂದರೆ ಹತ್ತು ಮೀಟರು ಎತ್ತರ ಸೇರಿದರೆ ಒಂದು ಬಾರ್ ಒತ್ತಡ. ಎರಡು ಮೂರು ಮೀಟರು ಮೇಲಿರುವ ಟ್ಯಾಂಕಿನಿಂದ ಹೊಸ ನಮೂನೆಯ ಮಳೆ ಷವರು ಸುರಿಯಲಿ ಎಂದರೆ ಹೇಗೆ ಸುರಿದೀತು? ಅಲ್ಲಿ ದುಬಾರಿ ಷವರಿಗಿಂತ ಸಾದಾ ನಲ್ಲಿಯೇ ಮೇಲು. ಒಳಚರಂಡಿ ಇಲ್ಲದ ಬೀದಿಯಲ್ಲಿ ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು. ಕಳೆದ ಸಲ ಯಾವಾಗ ತೆಗೆಸಿದ್ದು ಎಂದು ನೆನಪಿಗೆ ಬರದಿದ್ದರೆ ಈಗಲೇ ತೆಗೆಸುವುದು ಒಳ್ಳೆಯದು. ಇಷ್ಟನ್ನೂ ಪಟ್ಟಿ ಮಾಡುವುದಕ್ಕಿಂತ ಸುಲಭದ ದಾರಿಯೊಂದಿದೆ. ಮಾಲೀಕರು ಮನೆಯವರೊಂದಿಗೆ ಒಂದು ರಾತ್ರಿ ಆ ಮನೆಯಲ್ಲೇ ತಂಗಲಿ. ಸ್ನಾನ ಮಾಡಿ, ಅಡುಗೆ ಮಾಡಿ, ಬಟ್ಟೆ ಒಗೆದು, ಬೆಳಿಗ್ಗೆ ಎದ್ದಾಗ ಬಾಡಿಗೆದಾರರ ಮೊದಲ ಆರು ತಿಂಗಳ ದೂರುಗಳಲ್ಲಿ ಹೆಚ್ಚಿನವು ಅವರಿಗೇ ಸಿಕ್ಕಿರುತ್ತವೆ.

ವಿದ್ಯುತ್ತಿನ ವಿಷಯದಲ್ಲಿ ಕಾಲ ಬದಲಾಗಿದ್ದೇ ದೊಡ್ಡ ಕಾರಣ. ಒಂದು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ ಎಂದು ಎಳೆದ ವೈರಿನ ಮೇಲೆ ಈಗ ಮಿಕ್ಸಿ, ಫ್ರಿಜ್ಜು, ಇಂಡಕ್ಷನ್ ಒಲೆ, ಗೀಸರು ಕೂತಿವೆ. 2000 ವಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ, 3000 ವಾಟಿನ ಇನ್‌ಸ್ಟಂಟ್ ಗೀಸರು ಹದಿಮೂರು. ಇವನ್ನು 6 ಆಂಪಿಯರಿನ ಸಾಕೆಟ್ಟಿಗೆ ಅಡಾಪ್ಟರು ಸಿಕ್ಕಿಸಿ ಓಡಿಸಿದರೆ ಸಾಕೆಟ್ಟು ಕರಗದೆ ಇನ್ನೇನು? ಅಡುಗೆಮನೆಗೆ, ಬಚ್ಚಲಿಗೆ ದಪ್ಪ ವೈರಿನ ಪ್ರತ್ಯೇಕ ಲೈನು, 16 ಆಂಪಿಯರಿನ ಪಾಯಿಂಟು, ಮನೆಗೊಂದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ದೂರೂ ಕಡಿಮೆ, ಜೀವಕ್ಕೂ ಕ್ಷೇಮ. ಅರ್ತಿಂಗ್ ವಿಷಯದಲ್ಲಿ ಅರಸೀಕೆರೆಯವರು ಬೇಲೂರಿನವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಮಣ್ಣು ಒಣಗಿದಷ್ಟೂ ಅದು ಕರೆಂಟನ್ನು ಭೂಮಿಗೆ ಇಳಿಸಲು ಹಿಂಜರಿಯುತ್ತದೆ. ಬೇಸಿಗೆಯಲ್ಲಿ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರಿನ ಮೂಲ ಹಲವು ಸಲ ಒಣಗಿದ ಅರ್ತ್ ಗುಂಡಿ. ಅದಕ್ಕೆ ಇದ್ದಿಲು, ಉಪ್ಪು ಹಾಕಿ ಆಗಾಗ ನೀರು ಬಿಡುವ ವ್ಯವಸ್ಥೆ ಇರಬೇಕು. ಮೀಟರು ಹಂಚಿಕೊಳ್ಳುವುದು ಜಗಳದ ಇನ್ನೊಂದು ಮೂಲ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನ ಮಿತಿಯೊಳಗೆ ಬಾಡಿಗೆದಾರರಿಗೂ ಬಿಲ್ಲು ಮನ್ನಾ ಇದೆ, ಆದರೆ ಅದು ನಡೆಯುವುದು ಆರ್‌ಆರ್ ನಂಬರಿನ ಮೇಲೆ. ಎರಡು ಸಂಸಾರಕ್ಕೆ ಒಂದೇ ಮೀಟರಾದರೆ ಮಿತಿ ಬೇಗ ಮುಟ್ಟುತ್ತದೆ, ಹಣ ಕಟ್ಟುವವರು ಯಾರು ಎಂಬ ಪ್ರಶ್ನೆ ತಿಂಗಳು ತಿಂಗಳು ಏಳುತ್ತದೆ. ಸೆಸ್ಕ್ ಕಚೇರಿಗೆ ಅಲೆದಾದರೂ ಮನೆಗೊಂದು ಮೀಟರು ಮಾಡಿಸಿಕೊಳ್ಳುವುದು ಸಮಾಧಾನದ ದಾರಿ.

ತೆಂಗಿನ ಸೀಮೆಗೇ ವಿಶೇಷವಾದ ಒಂದು ತಕರಾರನ್ನು ಇಲ್ಲಿ ಹೇಳಬೇಕು. ಉಂಡೆ ಕೊಬ್ಬರಿಯಾಗಲು ಕಾಯಿ ಎಂಟು ತಿಂಗಳಿಂದ ವರ್ಷದವರೆಗೆ ಅಟ್ಟದಲ್ಲೇ ಒಣಗಬೇಕು. ಹಾಗಾಗಿ ಕೆಳಗಿನ ಮನೆ ಬಾಡಿಗೆಗೆ ಕೊಟ್ಟು ಅಟ್ಟವನ್ನು ತಮಗೇ ಇಟ್ಟುಕೊಳ್ಳುವ ಮಾಲೀಕರು ಬಾಡಿಗೆದಾರರ ದೃಷ್ಟಿಯಿಂದಲೂ ಒಮ್ಮೆ ಯೋಚಿಸುವುದು ಒಳ್ಳೆಯದು. ಅಟ್ಟಕ್ಕೆ ಬರುವ ಇಲಿ ವೈರು ಕಡಿಯುತ್ತದೆ. ಕಾಯಿ ನೋಡಲು ಮಾಲೀಕರು ಹೇಳದೆ ಕೇಳದೆ ಒಳಗೆ ಬಂದರೆ ಮನಸ್ಸು ಕೆಡುತ್ತದೆ. ಮಾದರಿ ಕಾಯ್ದೆ ಮನೆಯೊಳಗೆ ಬರಲು 24 ಗಂಟೆ ಮೊದಲು ತಿಳಿಸಿ ಎನ್ನುತ್ತದೆ. ಅಟ್ಟಕ್ಕೆ ಹೊರಗಿನಿಂದ ಮೆಟ್ಟಿಲು ಮಾಡಿಸಿ, ವೈರನ್ನು ಕೊಳವೆಯೊಳಗೆ ಎಳೆದರೆ ಎರಡೂ ತೀರುತ್ತವೆ. ಸೂರಿನ ಮೇಲೆ ಬಾಗಿದ ಮರದ ಒಣಗರಿ, ಕಾಯಿ ಇಳಿಸುವುದು ಮಾಲೀಕರ ಕೆಲಸ. ಒಂದು ಕಾಯಿ ಬಿದ್ದರೆ ಹೆಂಚು ಹೋಗುತ್ತದೆ, ತಲೆಯ ಮೇಲೆ ಬಿದ್ದರೆ ಮಾತೇ ಇಲ್ಲ.

ಬೇಲೂರಿನ ಕಡೆಗೆ ಹೋದರೆ ಕಥೆ ತಿರುಗುತ್ತದೆ. ಇಲ್ಲಿ ಶತ್ರು ಮುಂಗಾರಿನ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯದಿಂದ ಬೀಸುವ ಇರಚಲು ಮನೆಯ ಎರಡು ಗೋಡೆಗಳನ್ನು, ಪಶ್ಚಿಮದ್ದನ್ನು ಮತ್ತು ದಕ್ಷಿಣದ್ದನ್ನು, ಉಳಿದವಕ್ಕಿಂತ ಹೆಚ್ಚು ನೆನೆಸುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯ ನಂತರ ಘಟ್ಟದ ಮೇಲಿನ ಊರುಗಳಿಗೂ ಬಂದ ಮಂಗಳೂರು ಹೆಂಚು ಇಂಥ ಮಳೆಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು. ಜರುಗಿದ್ದನ್ನು ಕೂರಿಸಿ, ಒಡೆದದ್ದನ್ನು ಬದಲಿಸಿ, ಗೆದ್ದಲು ಹಿಡಿದ ರೀಪು ತೆಗೆದು, ಮೂಲೆಯ ದೋಣಿಯಲ್ಲಿ ಸೇರಿದ ಎಲೆ ಬಳಿದರೆ ಒಂದು ದಿನದ ಕೆಲಸ. ಇದನ್ನು ಬಿಟ್ಟು ಗೋಡೆಗೆ ಬಣ್ಣ ಹೊಡೆಸಿದರೆ ಜುಲೈ ಹೊತ್ತಿಗೆ ಬಣ್ಣ ಹಪ್ಪಳದಂತೆ ಏಳುತ್ತದೆ. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಬಳಿದು ಪ್ಲಾಸ್ಟಿಕ್ ಪೇಂಟು ಹಚ್ಚುವುದಂತೂ ಕಾಸು ಕೊಟ್ಟು ದೂರು ಕೊಂಡಂತೆ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತಲೇ ಇರುತ್ತದೆ. ಸಿಮೆಂಟು ಅದರ ಬಾಯಿ ಮುಚ್ಚಿದರೆ ತೇವ ಒಳಗೇ ನಿಂತು ಮೇಲೇರುತ್ತದೆ, ಉಪ್ಪು ಹೊರಬಿದ್ದು ಗಾರೆಯನ್ನೇ ತಳ್ಳುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣವೇ ಅಂಥ ಗೋಡೆಗೆ ಸರಿ. ಗೋಡೆಯ ಬುಡದಿಂದ ನೀರು ದೂರ ಹರಿಯುವಂತೆ ಅಂಗಳದ ಮಣ್ಣು ತಗ್ಗಿಸಿದರೆ ಅರ್ಧ ಥಂಡಿ ಕಡಿಮೆಯಾಗುತ್ತದೆ, ಅದಕ್ಕೆ ಬೇಕಾಗುವುದು ಒಂದು ಗುದ್ದಲಿ ಮತ್ತು ಒಬ್ಬ ಆಳು. ಬೀರು, ಮಂಚ ಗೋಡೆಗೆ ಅಂಟಿಸಿ ಇಡಬೇಡಿ, ಒಗೆದ ಬಟ್ಟೆ ಒಳಗೆ ಹರವಿ ಕಿಟಕಿ ಮುಚ್ಚಬೇಡಿ ಎಂದು ಬಾಡಿಗೆದಾರರಿಗೆ ಹೇಳಬೇಕಾದ್ದೂ ಇದೆ, ಆದರೆ ಬಟ್ಟೆ ಒಣಗಿಸಲು ಮಳೆ ಬೀಳದ ಒಂದು ಜಾಗ ಕೊಟ್ಟ ಮೇಲೆ.

ಇಷ್ಟೆಲ್ಲ ಕೇಳಿದ ಮಾಲೀಕರ ಮೊದಲ ಮಾತು, ನಮ್ಮೂರಿನ ಬಾಡಿಗೆಗೆ ಇದೆಲ್ಲ ಗಿಟ್ಟುವುದಿಲ್ಲ ಎಂದು. ಲೆಕ್ಕಕ್ಕಾಗಿ ಒಂದು ಮನೆಯ ಬಾಡಿಗೆ 6,000 ಎಂದುಕೊಳ್ಳೋಣ. ಬಾಡಿಗೆದಾರರು ಬದಲಾಗುವಾಗ ಮನೆ ಒಂದು ತಿಂಗಳು ಖಾಲಿ ಬಿದ್ದರೆ 6,000 ಹೋಯಿತು. ಬಣ್ಣಕ್ಕೆ 15,000 ಆಗಿ, ಅಡ್ವಾನ್ಸಿನಲ್ಲಿ 6,000 ಹಿಡಿದರೂ ಕೈಯಿಂದ 9,000. ಅಂದರೆ ಒಂದು ಸಲ ಬದಲಾದರೆ 15,000 ನಷ್ಟ. ವರ್ಷಕ್ಕೊಮ್ಮೆ ಬೇಸತ್ತು ಹೋಗುವವರ ಬದಲು ಒಂದೇ ಸಂಸಾರ ಮೂರು ವರ್ಷ ನಿಂತರೆ ಎರಡು ಬದಲಾವಣೆ ತಪ್ಪಿ 30,000 ಉಳಿಯುತ್ತದೆ. ಸಣ್ಣ ಮನೆಯೊಂದರ ನಲ್ಲಿ, ವಾಲ್ವು, ಒಂದೆರಡು ಹೊಸ ಲೈನು, ಅರ್ತಿಂಗ್, ಹೆಂಚಿನ ಕೆಲಸಕ್ಕೆ ಆ ಹಣ ಸಾಕಷ್ಟು ದೂರ ಬರುತ್ತದೆ. ಅಂಕಿ ನಿಮ್ಮ ಮನೆಗೆ ತಕ್ಕಂತೆ ಬದಲಾಗಲಿ, ಲೆಕ್ಕದ ದಾರಿ ಇದೇ. ಎರಡನೆಯ ಆಕ್ಷೇಪಣೆ, ಏನೇ ಮಾಡಿಸಿದರೂ ಬಾಡಿಗೆದಾರರು ಹಾಳು ಮಾಡುತ್ತಾರೆ ಎಂಬುದು. ಹಾಳು ಮಾಡುವವರು ಖಂಡಿತ ಇದ್ದಾರೆ. ಆದರೆ ನಲ್ಲಿ ಮೊದಲೇ ಸಡಿಲವಿತ್ತೋ ಅವರು ತಿರುಚಿದರೋ ಎಂದು ಹೇಳಲು ಮಾಲೀಕರ ಕೈಯಲ್ಲಿ ಏನಿದೆ? 108ನೇ ಕಲಮು ಬಾಡಿಗೆದಾರರಿಂದ ಕೇಳುವುದು ಪಡೆದ ಸ್ಥಿತಿಯಲ್ಲೇ ಮನೆ ಹಿಂತಿರುಗಿಸಬೇಕೆಂದು, ಸಹಜ ಸವೆತವನ್ನು ಬಿಟ್ಟು. ಪಡೆದ ಸ್ಥಿತಿ ಯಾವುದೆಂದು ಬರೆದಿಡದಿದ್ದರೆ ಆ ಕಲಮಿನಿಂದ ಮಾಲೀಕರಿಗೂ ಪ್ರಯೋಜನವಿಲ್ಲ. ಎಲ್ಲ ಸರಿಯಿದ್ದ ಮನೆಯಲ್ಲಿ ಹಾಳಾದದ್ದು ಎದ್ದು ಕಾಣುತ್ತದೆ. ಮೊದಲೇ ಅರೆಬರೆ ಇದ್ದ ಮನೆಯಲ್ಲಿ ಎಲ್ಲವೂ ವಾದಕ್ಕೆ ಬೀಳುತ್ತದೆ.

ಭೋಗ್ಯಕ್ಕೆ ಕೊಟ್ಟವರದು ಬೇರೆ ವಾದ: ತಿಂಗಳ ಬಾಡಿಗೆಯೇ ಇಲ್ಲ, ಇಟ್ಟ ಹಣವನ್ನು ಪೂರ್ತಿ ಹಿಂತಿರುಗಿಸುತ್ತೇವೆ, ರಿಪೇರಿ ಅವರದೇ ಎಂದು. ಆ ಹಣವನ್ನು ಮಾಲೀಕರು ಎರಡು ಮೂರು ವರ್ಷ ಬಡ್ಡಿಯಿಲ್ಲದೆ ಬಳಸಿರುತ್ತಾರೆ ಎಂಬುದನ್ನು ಈ ವಾದ ಮರೆಯುತ್ತದೆ. ಬಾಡಿಗೆಯಲ್ಲಿ ಮುರಿದುಕೊಳ್ಳುವ ದಾರಿಯೂ ಇಲ್ಲದ ಕಾರಣ ಭೋಗ್ಯದ ಮನೆಯ ಜಗಳ ಮನೆ ಬಿಡುವ ದಿನಕ್ಕೆ ಕಾದು ಕೂರುತ್ತದೆ. ಕಡೇ ಪಕ್ಷ ಕರಾರಿನಲ್ಲಿ ಒಂದು ಸಾಲು ಇರಲಿ: ಇಂತಿಷ್ಟು ರೂಪಾಯಿಯ ಒಳಗಿನ ರಿಪೇರಿ ವಾಸವಿರುವವರದು, ಮೇಲಿನದು ಮಾಲೀಕರದು. ಹನ್ನೊಂದು ತಿಂಗಳ ಕರಾರಿಗೂ ಇದೇ ಸಾಲು ಒಪ್ಪುತ್ತದೆ. ಜೊತೆಗೆ ಒಂದು ಹಾಳೆಯಲ್ಲಿ ಮೀಟರಿನ ಓದು, ನಲ್ಲಿ, ಫ್ಯಾನು, ಬೀಗಗಳ ಎಣಿಕೆ, ಗೋಡೆಯ ಹಳೆಯ ಬಿರುಕುಗಳ ಫೋಟೋ, ಊರಿನ ಪ್ಲಂಬರು ಮತ್ತು ಎಲೆಕ್ಟ್ರಿಷಿಯನ್ನರ ನಂಬರು, ಯಾವ ವಾಲ್ವು ಯಾವುದನ್ನು ನಿಲ್ಲಿಸುತ್ತದೆ ಎಂಬ ಗುರುತು. ಇಬ್ಬರೂ ಸಹಿ ಹಾಕಲಿ. ನೆರೆಯವರ ಗಲಾಟೆ, ಕರೆಂಟು ಕಡಿತ, ನಲ್ಲಿ ನೀರು ಬಾರದ ದಿನಗಳ ಬಗೆಗಿನ ದೂರಿಗೆ ಈ ಯಾವ ಸಿದ್ಧತೆಯೂ ಉತ್ತರವಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಕೊನೆಯ ಆಕ್ಷೇಪಣೆ ಬೇಲೂರು, ಹಳೇಬೀಡಿನ ದೇವಸ್ಥಾನದ ಮಗ್ಗುಲಲ್ಲಿ ಮನೆ ಇರುವವರದು, ಮತ್ತು ಎಲ್ಲಕ್ಕಿಂತ ತೂಕದ್ದು. ನಮ್ಮ ಮನೆಯನ್ನು ನಾವೇ ಮುಟ್ಟುವಂತಿಲ್ಲ ಎನ್ನುತ್ತಾರೆ ಅವರು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಬೇಲೂರಿನಲ್ಲಿ ಚೆನ್ನಕೇಶವ ದೇವಾಲಯ ಊರಿನ ನಡುವೆಯೇ ಇದೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ, ಬಸದಿಗಳು, ಕೇದಾರೇಶ್ವರ ಹೀಗೆ ಸ್ಮಾರಕಗಳು ಹಲವು. 2023ರ ಸೆಪ್ಟೆಂಬರಿನಲ್ಲಿ ಎರಡೂ ಊರಿನ ದೇವಾಲಯಗಳು ಸೋಮನಾಥಪುರದ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಕಣ್ಗಾವಲು ಸಡಿಲವಾಗುವ ಸಂಭವ ಇಲ್ಲ. ಆದರೆ ಕಾಯ್ದೆ ಹೊಸ ಕಟ್ಟಡಕ್ಕೂ ರಿಪೇರಿಗೂ ಭೇದ ಮಾಡುತ್ತದೆ. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ರಿಪೇರಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಲು ಅವಕಾಶವಿದೆ. ಅರ್ಜಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಲು 15 ದಿನ, ಅಲ್ಲಿ ಎರಡು ತಿಂಗಳು, ಮರಳಿ ಬಂದ ಮೇಲೆ ಒಂದು ತಿಂಗಳು ಎಂದು ಕಾಯ್ದೆಯೇ ಗಡುವು ಹಾಕಿದೆ. ಎಲ್ಲ ಗಡುವಿನೊಳಗೆ ನಡೆದರೂ ಮೂರೂವರೆ ತಿಂಗಳು. ಅಂದರೆ ಜೂನಿನಲ್ಲಿ ತೊಲೆ ಬಾಗಿ ಸೂರು ಸೋರುತ್ತಿದೆ ಎಂದು ಬಾಡಿಗೆದಾರರು ಹೇಳಿದಾಗ ಅರ್ಜಿ ಹಾಕಿದರೆ ಅಪ್ಪಣೆ ಸಿಗುವ ಹೊತ್ತಿಗೆ ಮಳೆಗಾಲವೇ ಮುಗಿದಿರುತ್ತದೆ. ನಮ್ಮಲ್ಲಿ ಶಾಲೆ ಶುರುವಾಗುವುದು, ಸರ್ಕಾರಿ ನೌಕರರ ವರ್ಗಾವಣೆ, ಮನೆ ಬದಲಾಯಿಸುವುದು ಎಲ್ಲ ಮೇ-ಜೂನಿನಲ್ಲೇ ಸೇರಿಕೊಳ್ಳುತ್ತವೆ. ಮನೆ ಖಾಲಿ ಸಿಗುವುದಕ್ಕೂ ಮೊದಲ ಮಳೆಗೂ ನಡುವೆ ಉಳಿಯುವುದು ಕೆಲವೇ ವಾರ. ಅಷ್ಟರಲ್ಲಿ ಕೆಲಸ ಮುಗಿಯಬೇಕಾದರೆ, ದೇವಸ್ಥಾನದ ಬೀದಿಯ ಮಾಲೀಕರು ಸೂರಿನ ಸ್ಥಿತಿ ನೋಡಿ, ಯಾವ ಕೆಲಸಕ್ಕೆ ಅನುಮತಿ ಬೇಕೆಂದು ವಿಚಾರಿಸಿ, ಅರ್ಜಿ ಕೊಡಬೇಕಾದದ್ದು ಸಂಕ್ರಾಂತಿಯ ಹೊತ್ತಿಗೆ, ಹಳೆಯ ಬಾಡಿಗೆದಾರರು ಇನ್ನೂ ಒಳಗಿರುವಾಗಲೇ. ಎಲ್ಲಿ ಸೋರುತ್ತದೆ ಎಂದು ಅವರಷ್ಟು ಸರಿಯಾಗಿ ಹೇಳಬಲ್ಲವರು ಬೇರೆ ಯಾರೂ ಇರುವುದಿಲ್ಲ.